ಕಾಫಿ ಕಣದಲ್ಲಿ ಎಳೆದ ಸಮುದ್ರ

ಸಮುದ್ರವನ್ನು ಕಣ್ಣಾರೆ ನೋಡುವ ಮೊದಲೇ ನನಗೆ ಸಮುದ್ರದ ಮೇಲೆ ನಡೆದ ಯುದ್ಧಗಳೆಲ್ಲ ಬಾಯಿಪಾಠವಾಗಿದ್ದವು. ಗಾಳಿ ಯಾವ ಕಡೆಯಿಂದ ಬೀಸಿದರೆ ಯಾರಿಗೆ ಲಾಭ, ಹಡಗುಗಳು ಸಾಲಾಗಿ ನಿಂತರೆ ಎಷ್ಟು ಫಿರಂಗಿ ಒಟ್ಟಿಗೆ ಸಿಡಿಯುತ್ತವೆ, ಕಿರಿದಾದ ಜಲಸಂಧಿಯಲ್ಲಿ ದೊಡ್ಡ ಹಡಗು ಯಾಕೆ ಸಾಯುತ್ತದೆ, ಇದನ್ನೆಲ್ಲ ನಾನು ಕೆ. ಹೊಸಕೋಟೆಯಿಂದ ಒಳಗೆ, ದಿನಕ್ಕೆ ಎರಡೇ ಬಸ್ಸು ಬರುವ ಒಂದು ಊರಿನಲ್ಲಿ ಕೂತು ಕಲಿತೆ. ನಮ್ಮಲ್ಲಿ ಉಪ್ಪುನೀರು ಅಂತ ಇದ್ದದ್ದು ಉಪ್ಪಿನಕಾಯಿ ಭರಣಿಯಲ್ಲಿ ಮಾತ್ರ. ಈಗ ಯಾರಿಗಾದರೂ ಇದನ್ನು ಹೇಳಿದರೆ "ಅಂಥ ಅಪ್ಪ ಸಿಗೋಕೆ ಪುಣ್ಯ ಮಾಡಿರಬೇಕು" ಅನ್ನುತ್ತಾರೆ. ನಾನು ಸುಮ್ಮನೆ ತಲೆಯಾಡಿಸುತ್ತೇನೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುವ ಮಾತಿದೆ. ನಾನು ಮಾತ್ರ ಕೆಟ್ಟದ್ದನ್ನೇ ಬರೆಯಲು ಕೂತಿದ್ದೇನೆ, ಅರ್ಧ ಅಪ್ಪನ ಬಗ್ಗೆ, ಅರ್ಧ ನನ್ನ ಬಗ್ಗೆ.

ಅಪ್ಪ ನೌಕಾಪಡೆಯಲ್ಲಿ ಹದಿನೈದು ವರ್ಷ ಸಿಗ್ನಲ್ ವಿಭಾಗದಲ್ಲಿದ್ದು ಊರಿಗೆ ಮರಳಿದವನು. ತಂದದ್ದು ಒಂದು ಕಪ್ಪು ಟ್ರಂಕು, ಒಂದು ದುರ್ಬೀನು, ಮತ್ತು ಎಲ್ಲವೂ ಗಳಿಗೆ ತಪ್ಪದೆ ನಡೆಯಬೇಕು ಎನ್ನುವ ರೋಗ. ಕಾಫಿ ಒಣಗಿಸುವ ಕಣದ ಅಂಚಿನ ಹಲಸಿನ ಮರಕ್ಕೆ ಒಂದು ತುಂಡು ರೈಲು ಹಳಿ ತೂಗುಹಾಕಿದ್ದ. ಎಲ್ಲ ಎಸ್ಟೇಟುಗಳಲ್ಲೂ ಆಳುಗಳನ್ನು ಕರೆಯಲು ಅಂಥ ಹಳಿ ಇರುತ್ತದೆ, ಆದರೆ ನಮ್ಮಲ್ಲಿ ಅದನ್ನು ಬಡಿಯುತ್ತಿದ್ದದ್ದು ಮನೆಯವರಿಗೆ. ಏಳಲು ಒಂದು ಸಲ, ತಿಂಡಿಗೆ ಎರಡು ಸಲ, ಊಟಕ್ಕೆ ಮೂರು ಸಲ. ಅಡುಗೆಮನೆಗೆ ಅವನು ಗ್ಯಾಲಿ ಅನ್ನುತ್ತಿದ್ದ, ಜಗಲಿಗೆ ಡೆಕ್ಕು. ಹಳಿ ಬಡಿದ ಮೇಲೆ ತಟ್ಟೆಯ ಮುಂದೆ ಇಲ್ಲದವರಿಗೆ ಆ ಹೊತ್ತಿನ ಊಟ ಇಲ್ಲ. ಅಮ್ಮ ಒಲೆಯ ಮೇಲೆ ರೊಟ್ಟಿ ಬೇಯುತ್ತಿದ್ದರೂ ಬಿಟ್ಟು ಓಡಿ ಬರಬೇಕಿತ್ತು. ಹದಿನೈದು ವರ್ಷ ನೀರಿನ ಮೇಲಿದ್ದವನು ಮೀನು ಮುಟ್ಟುತ್ತಿರಲಿಲ್ಲ. ಬಾಳ್ಳುಪೇಟೆಯ ಸಂತೆಯಿಂದ ಅಮ್ಮ ಒಣ ಸೀಗಡಿ ತಂದರೆ ಅದನ್ನು ಮನೆಯ ಹೊರಗೆ ಹುರಿಯಬೇಕಿತ್ತು.

"ಸಮುದ್ರ ಇರೋದು ಘಟ್ಟದ ಕೆಳಗೆ," ಅಂತ ಅಮ್ಮ ಹಿತ್ತಲಲ್ಲಿ ಸೀಗಡಿ ಹುರಿಯುತ್ತ ಗೊಣಗುತ್ತಿದ್ದಳು. "ಇಲ್ಲಿರೋದು ಎಮ್ಮೆ ಮೀಯೋ ಕೆರೆ. ಈ ಮನುಷ್ಯಂಗೆ ಯಾರಾದ್ರೂ ಹೇಳ್ರವ್ವ."

ಯಾರೂ ಹೇಳಲಿಲ್ಲ. ಊರಿನವರಿಗೆ ಅಪ್ಪನ ಬಗ್ಗೆ ಒಂದು ಬಗೆಯ ಭಯ ಮಿಶ್ರಿತ ಗೌರವವಿತ್ತು. ಯುದ್ಧ ಕಂಡು ಬಂದವನು ಅಂತ ಅವರ ನಂಬಿಕೆ. ನಿಜ ಏನೆಂದರೆ, ಎಪ್ಪತ್ತೊಂದರ ಯುದ್ಧ ನಡೆದಾಗ ಅವನಿನ್ನೂ ತರಬೇತಿ ಶಾಲೆಯಲ್ಲಿ ಬಾವುಟ ಬೀಸಲು ಕಲಿಯುತ್ತಿದ್ದ. ನಮ್ಮ ಹಡಗುಗಳು ಕರಾಚಿ ಬಂದರಿಗೆ ಬೆಂಕಿ ಹಚ್ಚಿದ ಸುದ್ದಿಯನ್ನು ನಮ್ಮೂರಿನವರ ಹಾಗೆ ಅವನೂ ರೇಡಿಯೋದಲ್ಲೇ ಕೇಳಿದ್ದು. ಆಮೇಲೆ ಅವನ ನೌಕರಿಯುದ್ದಕ್ಕೂ ಸಮುದ್ರ ತಣ್ಣಗಿತ್ತು. ಇದನ್ನು ಅವನು ಯಾರಿಂದಲೂ ಮುಚ್ಚಿಡಲಿಲ್ಲ, ಸುಳ್ಳೂ ಹೇಳಲಿಲ್ಲ. ಆದರೆ ಅದು ಅವನ ಪಾಲಿಗೆ ನುಂಗಲಾರದ ತುತ್ತಾಗಿತ್ತು. ಆ ಹಸಿವು ತೀರಿಸಿಕೊಳ್ಳಲು ಅವನು ಪ್ರಪಂಚದಲ್ಲಿ ಯಾರು ಯಾರು ಎಲ್ಲೆಲ್ಲಿ ನೀರಿನ ಮೇಲೆ ಬಡಿದಾಡಿದ್ದರೋ ಅದನ್ನೆಲ್ಲ ಓದಿಕೊಂಡಿದ್ದ.

ಫೆಬ್ರವರಿ ಹೊತ್ತಿಗೆ ಕಾಫಿ ಕುಯ್ಲು ಮುಗಿದು, ಸಿಪ್ಪೆಸಹಿತ ಒಣಗಿದ ಹಣ್ಣು, ಅಂದರೆ ಚೆರಿಯೆಲ್ಲ ಮೂಟೆ ಸೇರಿ, ಸಿಮೆಂಟಿನ ಕಣ ಖಾಲಿಯಾಗುತ್ತಿತ್ತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಅಲ್ಲಿ ಸೀಮೆಸುಣ್ಣದಿಂದ ಕರಾವಳಿ ಬರೆಯುತ್ತಿದ್ದ. ಒಣ ಚೆರಿ ಒಂದು ಕಡೆಯ ಹಡಗು, ಸಿಪ್ಪೆ ಸುಲಿದು ತೊಳೆದ ಬಿಳಿ ಪಾರ್ಚ್‌ಮೆಂಟ್ ಬೀಜ ಇನ್ನೊಂದು ಕಡೆಯದು. ಸಣ್ಣ ದೋಣಿಗಳಿಗೆ ಮೆಣಸಿನ ಕಾಳು. ಗಾಳಿ ಯಾವ ಕಡೆಯಿಂದ ಎಂದು ತೋರಿಸಲು ಒಂದು ಪೊರಕೆ ಕಡ್ಡಿ. ನಾನು ಮಂಡಿಯೂರಿ ಅವನು ಹೇಳಿದಂತೆ ಬೀಜ ಸರಿಸಬೇಕು. ರಷ್ಯದವರ ಹಡಗುಗಳನ್ನು ಅರ್ಧ ಭೂಮಿ ಸುತ್ತಿಸಿ, ತಿಂಗಳುಗಟ್ಟಲೆ ನಡೆಸಿಕೊಂಡು ಬಂದು, ಜಪಾನಿನ ಬಾಗಿಲಲ್ಲಿ ಎರಡೇ ದಿನದಲ್ಲಿ ಮುಳುಗಿಸಿದ್ದೇನೆ. ಸ್ಪೇನಿನವರು ಲಂಗರು ಹಾಕಿ ಮಲಗಿದ್ದಾಗ ಅವರ ನಡುವೆ ಬೆಂಕಿ ಹಚ್ಚಿದ ಖಾಲಿ ಹಡಗು ನುಗ್ಗಿಸಿದ್ದೇನೆ. ಘಟ್ಟದ ಕೆಳಗೆ ಉಳ್ಳಾಲದ ರಾಣಿ ಉರಿಯುವ ತೆಂಗಿನ ಗರಿ ಎಸೆದು ಪೋರ್ಚುಗೀಸರ ಹಡಗು ಸುಟ್ಟಳೆಂಬ ಕತೆ ಬಂದ ದಿನ ಮಾತ್ರ ಅಮ್ಮನೂ ಬಾಗಿಲಿಗೆ ಬಂದು ನಿಂತು ಕೇಳಿದ್ದಳು.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದದ್ದು ಗ್ರೀಕರದು. ಪರ್ಷಿಯಾದ ರಾಜ ಲೆಕ್ಕವಿಲ್ಲದಷ್ಟು ಹಡಗು ತಂದು, ತಾನು ಗುಡ್ಡದ ಮೇಲೆ ಸಿಂಹಾಸನ ಹಾಕಿಸಿಕೊಂಡು ನೋಡುತ್ತ ಕೂತ. ಗ್ರೀಕರು ಆ ಹಡಗುಗಳನ್ನೆಲ್ಲ ಸಲಾಮಿಸ್ ಎಂಬ ಇಕ್ಕಟ್ಟಿನ ಜಲಸಂಧಿಯೊಳಗೆ ಆಸೆ ತೋರಿಸಿ ಕರೆದುಕೊಂಡರು. ಒಳಗೆ ಬಂದವು ತಿರುಗಲಾರದೆ ಒಂದಕ್ಕೊಂದು ಬಡಿದುಕೊಂಡು ಸತ್ತವು. ಆ ರಾಜನ ಕಡೆ ಒಬ್ಬಳು ರಾಣಿಯೂ ಹಡಗು ನಡೆಸುತ್ತಿದ್ದಳು. ಶತ್ರು ಬೆನ್ನಟ್ಟಿದಾಗ ಅವಳು ತಪ್ಪಿಸಿಕೊಳ್ಳಲು ತನ್ನ ಕಡೆಯದೇ ಒಂದು ಹಡಗಿಗೆ ಗುದ್ದಿ ಮುಳುಗಿಸಿಬಿಟ್ಟಳು. ಬೆನ್ನಟ್ಟಿದವನು ಇವಳು ನಮ್ಮವಳೇ ಇರಬೇಕು ಅಂತ ಬಿಟ್ಟುಹೋದ. ಗುಡ್ಡದ ಮೇಲಿದ್ದ ರಾಜ, ಅವಳು ಮುಳುಗಿಸಿದ್ದು ಶತ್ರುವಿನ ಹಡಗು ಅಂದುಕೊಂಡು ಹೊಗಳಿದ. ಮುಳುಗಿದ ಹಡಗಿನಲ್ಲಿ ಒಬ್ಬನೂ ಬದುಕಲಿಲ್ಲವಾದ್ದರಿಂದ ದೂರು ಹೇಳುವವರು ಯಾರೂ ಇರಲಿಲ್ಲ. ಅಪ್ಪ ಇದನ್ನು ಹೇಳಿ ತೊಡೆ ತಟ್ಟಿಕೊಂಡು ನಗುತ್ತಿದ್ದ, ನಾನೂ ನಗುತ್ತಿದ್ದೆ. ಪ್ರತಿ ಸಲವೂ ನನಗೆ ಆ ರಾಣಿಯ ಬೀಜವೇ ಬೇಕಿತ್ತು. ವಾರವಿಡೀ ನನ್ನ ಕಡೆ ಕಣ್ಣೆತ್ತಿ ನೋಡದ ಮನುಷ್ಯ ಅದೊಂದು ಹೊತ್ತು ನನ್ನನ್ನು ನೋಡುತ್ತಿದ್ದ, ನನ್ನ ಮಾತು ಕೇಳುತ್ತಿದ್ದ. ಅದಕ್ಕಾಗಿ ನಾನು ಏನು ಬೇಕಾದರೂ ಮುಳುಗಿಸಲು ತಯಾರಿದ್ದೆ.

ಕಣದ ಆಚೆ ಬದಿಯಲ್ಲಿ, ಹಿಂದೆ ಗೊಬ್ಬರ ಇಡುತ್ತಿದ್ದ ಹಳೇ ಸ್ಟೋರಿನಲ್ಲಿ, ಗೌರತ್ತೆ ಇದ್ದಳು. ಅಪ್ಪನ ಅಕ್ಕ. ಅಪ್ಪ ಮಗುವಾಗಿದ್ದಾಗಲೇ ಅವರ ತಾಯಿ ತೀರಿಕೊಂಡು, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಗಂಡ ಸತ್ತ ಮೇಲೆ ತವರಿಗೆ ಬಂದವಳಿಗೆ ನನ್ನ ತಾತ ಸಾಯುವ ಮುಂಚೆ ಮೂರು ಎಕರೆ ರೊಬಸ್ಟಾ ಕಾಫಿ ತೋಟವನ್ನು ಕಾಗದದ ಮೇಲೆ ಬರೆದುಕೊಟ್ಟಿದ್ದ. ಆ ಮೂರು ಎಕರೆ ನಮ್ಮ ತೋಟದ ಸರಿಯಾಗಿ ನಡುವೆ ಇತ್ತು. ಅಪ್ಪ ಅದನ್ನು ನಡುಗಡ್ಡೆ ಅನ್ನುತ್ತಿದ್ದ. ದುರ್ಬೀನು ಹಿಡಿದು ಡೆಕ್ಕಿನ ಮೇಲೆ, ಅಂದರೆ ನಮ್ಮ ಜಗಲಿಯ ಮೇಲೆ, ನಿಂತು ಅವನು ದಿನಾ ನೋಡುತ್ತಿದ್ದದ್ದು ಆ ನಡುಗಡ್ಡೆಯನ್ನೇ. ಕಾಗದವಿದ್ದದ್ದು ಭೂಮಿಗೆ ಮಾತ್ರ. ಕೆರೆ, ಪಂಪ್‌ಸೆಟ್ಟು, ಪೈಪು ನಮ್ಮ ಪಾಲಿನಲ್ಲಿದ್ದವು. "ನೀರು ಇಬ್ಬರೂ ಹಂಚ್ಕೊಳಿ" ಅಂತ ತಾತ ಬಾಯಲ್ಲಿ ಹೇಳಿ ಕಣ್ಣು ಮುಚ್ಚಿದ್ದ.

ಅಪ್ಪನ ಹಳಿಯ ಸದ್ದಿಗೆ ಹೊತ್ತು ತಪ್ಪಿ, ಊಟ ಕಳೆದುಕೊಂಡ ದಿನಗಳಲ್ಲಿ ನಾನು ಓಡುತ್ತಿದ್ದದ್ದು ಗೌರತ್ತೆಯ ಸ್ಟೋರಿಗೆ. ಆಮೇಲಾಮೇಲೆ ಊಟ ಸಿಕ್ಕಿದ ದಿನವೂ ಓಡುತ್ತಿದ್ದೆ. ಅಲ್ಲಿ ಗಂಟೆ ಇರಲಿಲ್ಲ. ಒಂದೇ ಕೋಣೆ, ಒಂದು ಮೂಲೆಯಲ್ಲಿ ಒಲೆ, ಗೋಡೆಗೆ ಒರಗಿಸಿದ ಕುಕ್ಕೆಗಳು, ನೆಲಕ್ಕೆ ಎಷ್ಟು ಸಾರಿಸಿದರೂ ಹೋಗದ ಹಳೇ ಗೊಬ್ಬರದ ವಾಸನೆ. ಅವಳ ಅಕ್ಕಿ ರೊಟ್ಟಿ, ಹುರುಳಿ ಕಟ್ಟಿನ ಸಾರು, ಎಳೆ ಹಲಸಿನಕಾಯಿ ಪಲ್ಯ ತಿಂದು ಅಲ್ಲೇ ಗೋಣಿಚೀಲದ ಮೇಲೆ ಬಿದ್ದುಕೊಳ್ಳುತ್ತಿದ್ದೆ.

"ಇವತ್ ಯಾರ್ನ ಮುಳುಗ್ಸಿದ್ರಿ ಅಪ್ಪ ಮಗಳು?" ಅಂತ ಕೇಳುತ್ತಿದ್ದಳು.

"ಪರ್ಷಿಯಾ ರಾಜನ್ನ."

"ಪಾಪ, ಅವನೇನ್ ಮಾಡಿದ್ದ ಮಾರಾಯ್ತಿ? ಇನ್ನೊಂದ್ ರೊಟ್ಟಿ ಹಾಕ್ಲಾ?"

ಇಲ್ಲಿ ಕಾಫಿಯ ಒಂದು ಸಂಗತಿ ಹೇಳಬೇಕು. ಬೇಸಿಗೆಯಲ್ಲಿ ಗಿಡದ ತುಂಬ ಮೊಗ್ಗು ಕೂತಿರುತ್ತದೆ, ಒಂದು ಮಳೆ ಬೀಳುವ ತನಕ ಅರಳುವುದಿಲ್ಲ. ಮಳೆಗೆ ಕಾಯದೆ ಸ್ಪ್ರಿಂಕ್ಲರಿನಿಂದ ನೀರು ಹಾರಿಸಿದರೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಇದು ಹೂವಿನ ನೀರು. ಹೂವಿನ ನೀರು ಕೊಟ್ಟವರು ಇಪ್ಪತ್ತು ದಿನದ ಆಸುಪಾಸಿನಲ್ಲಿ ಇನ್ನೊಂದು ಸಲ ಕೊಡಲೇಬೇಕು, ಅದಕ್ಕೆ ಬ್ಯಾಕಿಂಗ್ ಅನ್ನುತ್ತೇವೆ. ಕೊಡದಿದ್ದರೆ, ಮಳೆಯೂ ಬರದಿದ್ದರೆ, ಕಟ್ಟಿದ ಎಳೆಗಾಯಿ ಕರಿಕಟ್ಟಿ ಉದುರಿ ಆ ವರ್ಷದ ಫಸಲು ಮುಗಿಯಿತು. ಅದಕ್ಕೇ ಎರಡನೇ ನೀರು ಇಲ್ಲದವರು ಮೊದಲನೇ ನೀರಿಗೆ ಕೈ ಹಾಕುವುದಿಲ್ಲ. ಮೊಗ್ಗು ಮುಚ್ಚಿಕೊಂಡು ಮಳೆಗೆ ಕಾಯಲಿ ಅಂತ ಬಿಡುತ್ತಾರೆ, ತಡವಾದರೂ ಒಂದಿಷ್ಟು ಕೈಗೆ ಸಿಗುತ್ತದೆ. ನಮ್ಮ ಕಡೆ ಇದು ಹಾಲು ಹಲ್ಲಿನ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು.

ನನಗೆ ಹನ್ನೊಂದು ತುಂಬಿದ್ದ ವರ್ಷ ಅಪ್ಪ ಗೌರತ್ತೆಗೆ ಎರಡು ಸಲ ಹೇಳಿ ಕಳಿಸಿದ್ದ, ತೋಟ ಬಿಟ್ಟುಕೊಟ್ಟು ನಮ್ಮ ಮನೆಯಲ್ಲೇ ಉಂಡುಕೊಂಡು ಇರು ಅಂತ. ಅವಳು ಕಣದ ಆಚೆಯಿಂದಲೇ ಉತ್ತರ ಕೊಟ್ಟಿದ್ದಳು.

"ನಿನ್ ಹಳಿ ಸದ್ದಿಗೆ ಎದ್ದು ಕೂತ್ಕಳೋಕೆ ನನ್ ಕೈಲಿ ಆಗಕಿಲ್ಲ ಕಣಪ್ಪ. ನನ್ ಅನ್ನ ನಾನ್ ಬೇಯಿಸ್ಕತೀನಿ. ಅಪ್ಪಯ್ಯ ಕೊಟ್ಟಿದ್ದು ಐತೆ, ಸಾಕು."

ಅದಾದ ಮೇಲಿನ ಭಾನುವಾರ ಅಪ್ಪ ಕಣದಲ್ಲಿ ನಾನು ಎಂದೂ ನೋಡಿರದ ಒಂದು ಬಂದರು ಬರೆದ. ಸುತ್ತ ಸಮುದ್ರ, ನಡುವೆ ಒಂದು ದ್ವೀಪ, ದ್ವೀಪದೊಳಗೆ ಸಣ್ಣದೊಂದು ಬಂದರು, ಅದಕ್ಕೆ ಒಂದೇ ಬಾಯಿ. ಬಂದರಿನೊಳಗೆ ಐದಾರು ಪಾರ್ಚ್‌ಮೆಂಟ್ ಬೀಜ ಇಟ್ಟ. ಹೊರಗೆ ಸುತ್ತಲೂ ನಮ್ಮ ಚೆರಿ ಹಡಗುಗಳು.

"ಇದು ಎಲ್ಲಿ ನಡೆದಿದ್ದು?" ಅಂದೆ.

"ಎಲ್ಲಾದ್ರೂ ಆಗ್ಲಿ. ಇವರನ್ನ ಹೆಂಗೆ ಸೋಲಿಸ್ತೀಯ ಹೇಳು. ಗುಂಡು ಹಾರಿಸಂಗಿಲ್ಲ."

"ಬಾಯಿ ಮುಚ್ಚೋದು. ಯಾರೂ ಹೊರಗೆ ಬರದಂಗೆ."

"ಮುಚ್ಚಿದ್ರೆ ಒಳಗೇ ಕೂತ್ಕತಾರೆ. ಒಳಗೆ ಊಟ ಐತೆ. ಗಾಳಿ ತಿರುಗೋವರ್ಗೂ ಕಾಯ್ತಾರೆ, ಗಾಳಿ ತಿರುಗಿದ್ಮೇಲೆ ನಮ್ಮ ಕೈಲಿ ಏನೂ ಆಗಲ್ಲ."

ನಾನು ಬೀಜಗಳನ್ನೇ ನೋಡುತ್ತ ಕೂತೆ. ಅಪ್ಪ ಅವಸರ ಮಾಡಲಿಲ್ಲ. ಬಿಸಿಲಿಗೆ ಸಿಮೆಂಟು ಮಂಡಿ ಸುಡುತ್ತಿತ್ತು. ಸಲಾಮಿಸ್ ನೆನಪಾಯಿತು, ಆಸೆ ತೋರಿಸಿ ಕರೆದದ್ದು ನೆನಪಾಯಿತು. ನಾನು ಚೆರಿ ಹಡಗುಗಳನ್ನೆಲ್ಲ ಹಿಂದಕ್ಕೆ ಸರಿಸಿ ಬಂದರಿನ ಬಾಯಿ ಬಿಡಿಸಿದೆ. ಒಳಗಿನ ಬಿಳಿ ಬೀಜಗಳನ್ನು ಒಂದೊಂದಾಗಿ ಹೊರಗೆ, ಸಮುದ್ರದ ನಡುಮಧ್ಯಕ್ಕೆ ತಂದೆ.

"ನಾವೇ ದಾರಿ ಬಿಡೋದು. ನಾವೇ ಅನ್ನ ನೀರು ಕೊಟ್ಟು ಸ್ನೇಹದವರ ಥರ ಹೊರಡಿಸೋದು. ಅವರು ಅರ್ಧ ದಾರಿಗೆ ಬಂದ್ಮೇಲೆ ಹಿಂದಗಡೆ ಬಂದರು ಮುಚ್ಚಿಬಿಡೋದು. ಆವಾಗ ಮುಂದಕ್ಕೂ ಹೋಗಂಗಿಲ್ಲ, ಹಿಂದಕ್ಕೂ ಬರಂಗಿಲ್ಲ. ಗುಂಡೇ ಬೇಡ."

ಅಪ್ಪ ಕಣ್ಣರಳಿಸಿ ಬೀಜಗಳನ್ನೂ ನನ್ನನ್ನೂ ನೋಡಿದ. ಆಮೇಲೆ ಎದ್ದು ನಿಂತು, ಎರಡೂ ಕಾಲು ಜೋಡಿಸಿ, ನನಗೆ ಸೆಲ್ಯೂಟ್ ಹೊಡೆದ. ತಮಾಷೆಗಲ್ಲ, ಹಡಗಿನ ಮೇಲೆ ಅಧಿಕಾರಿಗೆ ಹೊಡೆಯುವಂಥದ್ದು. ಆವತ್ತು ರಾತ್ರಿ ಊಟಕ್ಕೆ ಹಳಿ ಬಡಿಯುವ ಕೆಲಸ ನನಗೆ ಕೊಟ್ಟ. ಅದಕ್ಕಿಂತ ದೊಡ್ಡ ಮರ್ಯಾದೆ ನಮ್ಮ ಮನೆಯಲ್ಲಿ ಇರಲಿಲ್ಲ. ನಾನು ಮೂರು ಸಲ ಬಡಿಯಬೇಕಾದದ್ದನ್ನು ನಾಲ್ಕು ಸಲ ಬಡಿದೆ, ಅವನು ಬೈಯಲಿಲ್ಲ. ಆ ಉಪಾಯ ಅಪ್ಪನ ತಲೆಯಲ್ಲಿ ಮೊದಲೇ ಇತ್ತು, ನನ್ನನ್ನು ಸುಮ್ಮನೆ ಪರೀಕ್ಷೆ ಮಾಡಿದ ಅಂತ ನಾನು ಎಷ್ಟೋ ವರ್ಷ ನನಗೇ ಹೇಳಿಕೊಂಡೆ. ಇರಲಿಲ್ಲ. ಅವನ ಮುಖ ನಾನು ನೋಡಿದ್ದೇನೆ. ಅವನಿಗೆ ಅದು ಹೊಳೆದೇ ಇರಲಿಲ್ಲ.

ಮುಂದಿನ ಗುರುವಾರ ಅಪ್ಪ ಕಣ ದಾಟಿ ಗೌರತ್ತೆಯ ಬಾಗಿಲಿಗೆ ಹೋದ. ನಾನು ಅಲ್ಲೇ ಉಣ್ಣುತ್ತ ಕೂತಿದ್ದೆ. ಅವನು ಆ ಹೊಸಿಲು ತುಳಿದು ಎರಡು ವರ್ಷವಾಗಿತ್ತು.

"ಅಕ್ಕ, ಈ ಸಲ ನಿನ್ ತೋಟಕ್ಕೂ ನಮ್ದರ ಜೊತೇಲೇ ನೀರು ಕೊಟ್ಬುಡಾನ. ಹೂ ಒಟ್ಟಿಗೇ ಆಗ್ಲಿ. ಪಂಪು ಪೈಪು ನಂದೇ ಇರ್ಲಿ."

ಗೌರತ್ತೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಬ್ಯಾಕಿಂಗಿಗೂ ಕೊಡ್ತೀಯೇನಪ್ಪ? ಇಲ್ದಿದ್ರೆ ಬ್ಯಾಡ. ಮಳೆಗೇ ಕಾಯ್ತೀನಿ ನಾನು."

"ಕೊಡ್ದೆ ಏನು? ಕೆರೆ ತುಂಬ ನೀರೈತೆ. ನೀನು ನನ್ನ ಸಾಕಿದೋಳು, ನಿಂಗೆ ಮೋಸ ಮಾಡ್ತೀನಾ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನಿಗೂ ತಟ್ಟೆ ಇಟ್ಟು ಬಲವಂತದಿಂದ ರೊಟ್ಟಿ ಬಡಿಸಿದಳು, ಅವನು ಮೂರು ತಿಂದ. ನನ್ನ ಕಡೆ ಒಂದು ಸಲ ನೋಡಿದ, ಅಷ್ಟೆ. ನನಗೆ ಆಗ ತಿಳಿಯಿತೇ? ಹನ್ನೊಂದು ವರ್ಷದ ಹುಡುಗಿಗೆ ಏನು ತಿಳಿಯುತ್ತದೆ ಅಂತ ಕೇಳುವವರಿಗೆ ನಾನು ಹೇಳುವುದಿಷ್ಟೇ. ತಿಳಿಯಿತು. ತಿಳಿದೂ ತಟ್ಟೆಯಲ್ಲಿದ್ದ ರೊಟ್ಟಿ ತಿಂದು ಮುಗಿಸಿದೆ.

ನೀರು ಹಾರಿಸುವ ದಿನ ಕೆರೆಯ ದಂಡೆಯಲ್ಲಿ ಗಂಗೆ ಪೂಜೆ ಆಯಿತು. ಗೌರತ್ತೆ ಮಡಿ ಸೀರೆ ಉಟ್ಟು ಪಂಪ್‌ಸೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿದಳು, ಬಾಳೆಲೆಯ ಮೇಲೆ ಚಿಗಳಿ ತಂಬಿಟ್ಟು ಇಟ್ಟಳು. ಕಾಯಿ ಒಡೆದವನು ಅಪ್ಪ. ಡೀಸೆಲ್ ಎಂಜಿನ್ನು ಗುಡುಗಿ, ಪೈಪಿನ ಸಂದುಗಳಲ್ಲಿ ಸೀಟಿ ಬಂದು, ಅವಳ ಮೂರು ಎಕರೆಯ ಮೇಲೆ ನೀರು ಸುತ್ತಲು ಶುರುವಾದಾಗ ಅವಳು ನನ್ನ ಕೈ ಹಿಡಿದುಕೊಂಡು ಸ್ಪ್ರಿಂಕ್ಲರಿನ ಕೆಳಗೆ ಓಡಿದಳು. ಇಬ್ಬರೂ ತೊಪ್ಪೆಯಾದೆವು. ಒಂಬತ್ತನೇ ದಿನ ಹೂವಾಯಿತು. ಅವಳ ತೋಟ, ನಮ್ಮ ತೋಟ ಎಂಬ ಗಡಿಯೇ ಕಾಣದ ಹಾಗೆ ಗುಡ್ಡವೆಲ್ಲ ಬೆಳ್ಳಗೆ. ಹೂವಿರುವಾಗ ತೋಟದೊಳಗೆ ಯಾರೂ ಕಾಲಿಡಬಾರದು ಅಂತ ಅವಳು ಬೇಲಿಯ ಹೊರಗೇ ನಿಂತು ಕೈ ಮುಗಿದಳು. ಅಮ್ಮನಿಗೆ ಮಾತ್ರ ನಂಬಿಕೆಯಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯೋದನ್ನ ನಾನು ನೋಡಿಲ್ವಾ, ಅಂತ ಒಲೆಯ ಮುಂದೆ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಹದಿನೆಂಟನೇ ದಿನ ಅಪ್ಪ ನಮ್ಮ ತೋಟಕ್ಕೆ ಬ್ಯಾಕಿಂಗ್ ನೀರು ಶುರು ಮಾಡಿದ. ಮೂರು ದಿನ ಎಂಜಿನ್ ಓಡಿತು. ನಾಲ್ಕನೇ ದಿನ ಗೌರತ್ತೆಯ ತೋಟದ ಕಡೆಯ ಪೈಪುಗಳನ್ನೆಲ್ಲ ಬಿಚ್ಚಿಸಿ ನಮ್ಮ ಕೊಟ್ಟಿಗೆಯಲ್ಲಿ ಜೋಡಿಸಿದ. ಕೆರೆಯಲ್ಲಿ ನೀರಿಲ್ಲ, ದನಕರುಗಳಿಗೆ ಉಳಿಸಬೇಕು ಎಂದು ಹೇಳಿ ಕಳಿಸಿದ. ಕೆರೆಯಲ್ಲಿ ಸೊಂಟದ ಮಟ್ಟಕ್ಕೆ ನೀರಿತ್ತು, ನಾನು ಹೋಗಿ ಇಳಿದು ನೋಡಿದ್ದೆ. ಊಟದ ಹೊತ್ತಿಗೆ ಅಮ್ಮ ಅನ್ನದ ಪಾತ್ರೆ ಕುಕ್ಕಿದಳು.

"ಅತ್ತಿಗೆ ತೋಟ ಒಣಗ್ತಾ ಐತೆ. ಹೂ ಮಾಡ್ಸಿ ಕೈ ಬಿಡ್ತಾರೇನ್ರೀ ಯಾರಾದ್ರೂ? ಬಸುರಿ ಮಾಡಿ ಓಡೋಗೋರಿಗೂ ನಿಮ್ಗೂ ಏನ್ ವ್ಯತ್ಯಾಸ?"

ಅಪ್ಪ ತಟ್ಟೆಯಿಂದ ತಲೆಯೆತ್ತಲಿಲ್ಲ. "ಗ್ಯಾಲಿಯೋರು ಗ್ಯಾಲಿ ನೋಡ್ಕಳಿ" ಅಂದ.

ಅಮ್ಮ ಎರಡು ದಿನ ಒಲೆ ಹಚ್ಚಲಿಲ್ಲ. ಅಪ್ಪ ಎರಡು ದಿನವೂ ಹೊತ್ತಿಗೆ ಸರಿಯಾಗಿ ಹಳಿ ಬಡಿದು, ಖಾಲಿ ತಟ್ಟೆಯ ಮುಂದೆ ಕೂತು, ಎದ್ದು ಹೋದ. ಮೂರನೇ ದಿನ ಅಮ್ಮನೇ ಸೋತಳು. ಗೌರತ್ತೆ ಬೆಳಗಿನಿಂದ ಕತ್ತಲೆಯವರೆಗೆ ಕುಡಿಯುವ ನೀರಿನ ಬಾವಿಯಿಂದ ಕೊಡದಲ್ಲಿ ನೀರು ಸೇದಿ ಹೊತ್ತು ಅಂಚಿನ ಗಿಡಗಳಿಗೆ ಹಾಕುತ್ತಿದ್ದಳು. ಮೂರು ಎಕರೆಗೆ ಕೊಡದ ನೀರು ಯಾವ ಮೂಲೆಗೆ! ದಿನಾ ಸಂಜೆ ಮೋಡ ಕಟ್ಟುತ್ತಿತ್ತು. ಹೆತ್ತೂರಿನ ಕಡೆ ಗುಡುಗಿ, ಅಲ್ಲೇ ಸುರಿದು, ನಮ್ಮ ಕಡೆಗೆ ತಣ್ಣನೆ ಗಾಳಿ ಮಾತ್ರ ಬರುತ್ತಿತ್ತು. ನಾನು ಆ ದಿನಗಳಲ್ಲೂ ಅವಳ ಮನೆಯಲ್ಲೇ ಉಣ್ಣುತ್ತಿದ್ದೆ. ಹೋಗದಿದ್ದರೆ ಅವಳಿಗೆ ಅನುಮಾನ ಬರುತ್ತದೆ ಅಂತ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಬಡಿಸುತ್ತ ಬಡಿಸುತ್ತ ಅವಳು ನನ್ನ ಗಲ್ಲ ಹಿಡಿದಳು. ಕೊಡದ ಹಗ್ಗಕ್ಕೆ ಅವಳ ಅಂಗೈ ಬೊಬ್ಬೆ ಎದ್ದಿತ್ತು.

"ಪುಟ್ಟಿ, ನಿಮ್ಮಪ್ಪ ಈ ಪ್ರಪಂಚದಾಗೆ ಯಾರ್ದಾದ್ರೂ ಮಾತು ಕೇಳ್ತಾನೆ ಅಂದ್ರೆ ಅದು ನಿಂದು. ಒಂದೇ ಒಂದು ದಿನ ಪಂಪು ಬಿಡು ಅಂತ ಹೇಳವ್ವ. ನಾನ್ ಕೇಳಿದ್ರೆ ಮುಖ ತಿರುಗಿಸ್ತಾನೆ. ನೀನ್ ಹೇಳು. ಇನ್ನೂ ನಾಕು ದಿನ ಟೇಮ್ ಐತೆ, ಕಾಯಿ ಉಳೀತವೆ."

ನಾನು ಎದ್ದು ಹೋದೆ. ಅಪ್ಪ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ತೋಟದ ಕಡೆ ನೋಡುತ್ತ ಕೂತಿದ್ದ. ಕೇಳಬೇಕೆಂದೇ ಹೋಗಿದ್ದೆ. ಬಾಯಿ ತೆರೆಯುವ ಮೊದಲೇ ಅವನು ದುರ್ಬೀನು ನನ್ನ ಕೈಗೆ ಕೊಟ್ಟ. ಅದನ್ನು ಮುಟ್ಟಲು ಅಲ್ಲಿಯವರೆಗೆ ಯಾರಿಗೂ ಬಿಟ್ಟಿರಲಿಲ್ಲ.

"ನೋಡು," ಅಂದ. "ಅರ್ಧ ದಾರಿಗೆ ಬಂದವರೆ. ಯಾರ ಪ್ಲಾನು ಇದು?"

ನಾನು ದುರ್ಬೀನಿನೊಳಗೆ ನೋಡಿದೆ. ಗೌರತ್ತೆ ಕೊಡ ಹೊತ್ತು ಏರಿ ಹತ್ತುತ್ತಿದ್ದಳು. ಅವಳ ಕತ್ತಿನ ನರ ಕಾಣುವಷ್ಟು ಹತ್ತಿರ.

"ನಂದು," ಅಂದೆ.

ಹೆದರಿ ಅನ್ನಲಿಲ್ಲ. ಹೆದರಿದ್ದೆ ಅಂತ ಬರೆದರೆ ಓದುವವರು ನಂಬುತ್ತೀರಿ, ಮಗು ಪಾಪ ಅನ್ನುತ್ತೀರಿ. ಆ ಪದ ನನ್ನ ಬಾಯಿಂದ ಹೆಮ್ಮೆಯಿಂದಲೇ ಬಂತು, ಎದೆ ಉಬ್ಬಿತ್ತು. ಅವನು ನನ್ನ ತಲೆಯ ಮೇಲೆ ಕೈಯಿಟ್ಟ. ನಾನು ಪಂಪಿನ ವಿಷಯ ಎತ್ತಲೇ ಇಲ್ಲ. ಸಂಜೆ ಸ್ಟೋರಿಗೆ ಹೋಗಿ, ಬಾಗಿಲಲ್ಲೇ ನಿಂತು, ಅಳುವ ಮುಖ ಮಾಡಿ ಹೇಳಿದೆ.

"ಕಾಲು ಹಿಡ್ಕೊಂಡ್ ಕೇಳ್ದೆ ಅತ್ತೆ. ಕೆನ್ನೆಗೆ ಹೊಡೆದ."

ಗೌರತ್ತೆ ನನ್ನನ್ನು ತಬ್ಬಿಕೊಂಡು, ಹೊಡೆತ ಬೀಳದ ಕೆನ್ನೆಗೆ ಹರಳೆಣ್ಣೆ ಹಚ್ಚಿದಳು.

ಯುಗಾದಿಯ ಹೊತ್ತಿಗೆ ಅವಳ ಗಿಡಗಳ ಕೆಳಗೆ ಕರಿ ಮೆಣಸು ಚೆಲ್ಲಿದಂತೆ ಎಳೆಗಾಯಿ ಉದುರಿತ್ತು. ಮಳೆ ಬಂದದ್ದು ಆಮೇಲೆ. ಆ ವರ್ಷ ಕೊಯ್ಯಲು ಏನೂ ಇರಲಿಲ್ಲ, ಮರುವರ್ಷದ ಫಸಲಿನವರೆಗೆ ಹೊಟ್ಟೆಗೆ ದಾರಿಯೂ ಇರಲಿಲ್ಲ. ಊರಿನ ಹಿರಿಯರು ಕೂತು, ಕೆರೆ ಅವನದು ಅಂದಮೇಲೆ ನಾವೇನು ಹೇಳೋಣ ಎಂದು ಎಲೆಯಡಿಕೆ ಹಾಕಿಕೊಂಡು ಎದ್ದರು. ಗೌರತ್ತೆ ಮಳೆಗಾಲ ಹಿಡಿಯುವ ಮುಂಚೆ ತೋಟವನ್ನು ಅಪ್ಪನ ಹೆಸರಿಗೆ ಬರೆದುಕೊಟ್ಟು ಬಾಳ್ಳುಪೇಟೆಗೆ ಹೋದಳು, ಹೆದ್ದಾರಿಯ ಬದಿಯ ಒಂದು ಹೋಟೆಲಿನಲ್ಲಿ ರೊಟ್ಟಿ ತಟ್ಟಲು. ಅವಳ ಪೆಟ್ಟಿಗೆಯನ್ನು ಬಸ್ಸಿನವರೆಗೆ ಅಪ್ಪನೇ ಹೊತ್ತುಕೊಂಡು ಹೋದ. ಸೋತವರನ್ನು ಮರ್ಯಾದೆಯಿಂದ ಕಳಿಸಬೇಕು ಅಂತ ದಾರಿಯಲ್ಲಿ ನನಗೆ ಹೇಳಿಕೊಟ್ಟ. ಹದಿನೈದು ವರ್ಷ ಸಮವಸ್ತ್ರ ತೊಟ್ಟವನು ತನ್ನ ಜನ್ಮದಲ್ಲಿ ಗೆದ್ದದ್ದು ಇದೊಂದೇ ಯುದ್ಧ, ಅದೂ ಎತ್ತಿ ಆಡಿಸಿದ ಅಕ್ಕನ ಮೇಲೆ, ಅದೂ ಮಗಳ ಬುದ್ಧಿಯಿಂದ.

ಆ ವರ್ಷದಿಂದ ಕಣದ ಆಟ ನಿಂತುಹೋಯಿತು. ನಾನು ಬೇಡವೆಂದು ನಿಲ್ಲಲಿಲ್ಲ. ಅಪ್ಪನಿಗೇ ಬೇಕೆನಿಸಲಿಲ್ಲ, ಅವನ ಹಸಿವು ತೀರಿತ್ತು. ಭಾನುವಾರ ಊಟ ಮಾಡಿ ಮಲಗುತ್ತಿದ್ದ, ವಾರವಿಡೀ ಮತ್ತೆ ನನ್ನ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ. ನನ್ನ ಸಿಟ್ಟಿನಲ್ಲಿ ಒಂದು ಪಾಲು ಇದಕ್ಕೂ ಇದೆ ಎಂದು ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ. ಗೌರತ್ತೆಗೆ ಅನ್ಯಾಯವಾಯಿತು ಅಂತ ಅತ್ತದ್ದಕ್ಕಿಂತ, ಅಷ್ಟೆಲ್ಲ ಮಾಡಿಯೂ ಅಪ್ಪ ನನ್ನವನಾಗಲಿಲ್ಲ ಅಂತ ಅತ್ತದ್ದೇ ಹೆಚ್ಚು.

ಅಪ್ಪ ಸತ್ತದ್ದು ನನ್ನ ಮದುವೆಯಾಗಿ ಆರನೇ ವರ್ಷಕ್ಕೆ. ವಿಲ್ ತೆಗೆದು ನೋಡಿದರೆ, ಉಳಿದದ್ದೆಲ್ಲ ಅಮ್ಮನಿಗೆ, ನಡುವಿನ ಆ ಮೂರು ಎಕರೆ ಮಾತ್ರ ಬೇರೆ ಮಾಡಿ ನನಗೆ. ಕಾರಣ ಬರೆದಿರಲಿಲ್ಲ. ಅಮ್ಮ ಆ ಸಾಲನ್ನು ಎರಡು ಸಲ ಓದಿಸಿಕೊಂಡು, ನನ್ನ ಮುಖವನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು. ಹದಿನೈದು ದಿನಕ್ಕೆ ನಾನು ಆ ಕಾಗದಗಳನ್ನು ಹಿಡಿದುಕೊಂಡು ಬಾಳ್ಳುಪೇಟೆಗೆ ಹೊರಟೆ. ಬಸ್ಸಿನುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿಕೊಂಡೆ. ಮೊದಲು ಕಣದ ವಿಷಯ, ಆಮೇಲೆ ಬಂದರಿನ ವಿಷಯ, ಆಮೇಲೆ ಕೆನ್ನೆಗೆ ಹೊಡೆತ ಬೀಳಲಿಲ್ಲ ಎನ್ನುವುದು, ಕೊನೆಗೆ ಕಾಗದ.

ಗೌರತ್ತೆ ಹೋಟೆಲಿನ ಹಿಂದಿನ ಒಂದು ಕೋಣೆಯಲ್ಲಿದ್ದಳು. ಹೊರಗೆ ಲಾರಿಗಳು ಸದ್ದು ಮಾಡುತ್ತಿದ್ದವು. ಬೆರಳುಗಳು ಸೊಟ್ಟಗಾಗಿದ್ದರೂ ರೊಟ್ಟಿ ತಟ್ಟುವುದು ಬಿಟ್ಟಿರಲಿಲ್ಲ. ನನ್ನನ್ನು ಕೂರಿಸಿ, ತಟ್ಟೆ ಇಟ್ಟು, ಎದುರಿಗೆ ಕೂತಳು. ನಾನು ಮಾತು ಶುರುಮಾಡಲಾರದೆ ಕಾಗದವನ್ನೇ ಮೊದಲು ಮುಂದಿಟ್ಟೆ.

"ಇದು ನಿಂದು ಅತ್ತೆ. ತಗೋ."

ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೂ ಏನೆಂದು ಗೊತ್ತಾಯಿತು. ಕಾಗದವನ್ನು ಮಡಿಚಿ ನನ್ನ ಚೀಲದೊಳಗೇ ತುರುಕಿದಳು.

"ನಂಗ್ಯಾಕೆ ಈ ವಯಸ್ಸಲ್ಲಿ? ನೀನೇ ಇಟ್ಕ. ಬೇರೆ ಯಾರ ಕೈಗೋದ್ರೂ ನನ್ ಹೊಟ್ಟೆ ಉರೀತಿತ್ತು, ನಿನ್ ಕೈಲಿದ್ರೆ ನನ್ ಹತ್ರ ಇದ್ದಂಗೇಯ. ಆ ಮನೇಲಿ ನನ್ ಕಡೆಗೆ ಅಂತ ಇದ್ದೋಳು ನೀನೊಬ್ಳೇ ಕಣೆ. ನನಗೋಸ್ಕರ ಏಟು ತಿಂದಿದ್ದೆ, ಮರ್ತಿದೀನಿ ಅನ್ಕಂಡ್ಯಾ?"

ಹೇಳುವುದಕ್ಕೆ ಅದೇ ಹೊತ್ತಾಗಿತ್ತು. ಬಸ್ಸಿನಲ್ಲಿ ಜೋಡಿಸಿದ ಮಾತುಗಳೆಲ್ಲ ನಾಲಗೆಯ ತುದಿಯಲ್ಲಿದ್ದವು. ಅವಳು ನನ್ನ ಕೆನ್ನೆ ಸವರಿದಳು.

"ಇನ್ನೊಂದ್ ರೊಟ್ಟಿ ಹಾಕ್ಲಾ?"

"ಹಾಕು," ಅಂದೆ.

ಅವಳು ತೀರಿಕೊಂಡ ಮೇಲೆ ತಿಥಿಗೆ ನಾನೇ ನಿಂತು ಎಲ್ಲ ಮಾಡಿಸಿದೆ, ತಮ್ಮನ ಮಗಳು ಸ್ವಂತ ಮಗಳಿಗಿಂತ ಹೆಚ್ಚು ಎಂದು ಜನ ಹೊಗಳಿದರು, ತಲೆ ತಗ್ಗಿಸಿ ಕೇಳಿಸಿಕೊಂಡೆ. ತೋಟ ನನ್ನ ಹೆಸರಿನಲ್ಲೇ ಇದೆ. ಒಂದು ಗೇಣೂ ಪಾಳು ಬಿಟ್ಟಿಲ್ಲ. ಈ ವರ್ಷವೂ ಎರಡು ಸಲ ನೀರು ಕೊಟ್ಟೆ, ಕಾಯಿ ಚೆನ್ನಾಗಿ ಕಟ್ಟಿದೆ.